ಮೆನುವಿನೊಳಗಿನ ಮೆನು ಎಷ್ಟು ಆಳವಿರಬೇಕು?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರ ಲೆಕ್ಕಪತ್ರಕ್ಕಾಗಿ ಪೈಥಾನ್ ಭಾಷೆ ಮತ್ತು ಅದರಲ್ಲಿ ಕಿಟಕಿ, ಮೆನುಗಳನ್ನು ಕಟ್ಟಿಕೊಡುವ ಟಿಕಿಂಟರ್ ಬಳಸಿ ಡೆಸ್ಕ್‌ಟಾಪ್ ತಂತ್ರಾಂಶವೊಂದನ್ನು ಹುಬ್ಬಳ್ಳಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಇದರಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಉಪಮೆನುಗಳ ರಚನೆ. ಸರಕಿನ ವರ್ಗೀಕರಣವನ್ನೇ ಮೆನುವಿಗೂ ತಂದರೆ ‘ಮಾಲು’, ಅದರೊಳಗೆ ‘ಮೆಣಸಿನಕಾಯಿ’, ಅದರೊಳಗೆ ‘ಡಬ್ಬಿ’, ‘ಕಡ್ಡಿ’, ‘ಗುಂಟೂರು’ ಎಂಬ ಬಗೆಗಳು, ಮತ್ತೆ ಪ್ರತಿಯೊಂದರೊಳಗೆ ‘ಹೊಸ ಆವಕ’ ಎಂದು ನಾಲ್ಕು ಹಂತಗಳಾಗುತ್ತವೆ. ಕಾಗದದ ಮೇಲೆ ಇದು ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ಹಂಗಾಮಿನಲ್ಲಿ ಟೆಂಡರ್ ನಡೆಯುವ ದಿನ ಗುಮಾಸ್ತರು ಒಬ್ಬೊಬ್ಬ ರೈತನ ಚೀಲಗಳನ್ನು ಬರೆದುಕೊಳ್ಳುವಾಗಲೂ ಆ ನಾಲ್ಕು ಹಂತಗಳನ್ನು ಇಳಿಯಬೇಕಾಗುತ್ತದೆ. ಒಂದು ಕೆಲಸ ದಿನಕ್ಕೆ ಎಷ್ಟು ಸಲ ನಡೆಯುತ್ತದೆ ಎಂಬುದರ ಮೇಲೆಯೇ ಅದು ಮೆನುವಿನಲ್ಲಿ ಎಷ್ಟು ಆಳದಲ್ಲಿರಬೇಕು ಎಂಬುದು ತೀರ್ಮಾನವಾಗಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಪ್ರಾಯೋಗಿಕವಾಗಿ ತೋರಿಸಿದಾಗ ಗುಮಾಸ್ತರು ಹೇಳಿದ್ದು ಇಷ್ಟು: “ಡಬ್ಬಿ ಒಳಗ ಹೋಗೂದ್ರಾಗ ಕಡ್ಡಿ ತೆರಕೋತೈತ್ರೀ ಸರ.” ತೊಡಕು ಇರುವುದೇ ಇಲ್ಲಿ. ಉಪಮೆನು ಬಲಕ್ಕೆ ತೆರೆದುಕೊಂಡಾಗ ಅದರ ಕೆಳಗಿನ ಸಾಲನ್ನು ಹಿಡಿಯಲು ಕೈ ಸಹಜವಾಗಿಯೇ ಓರೆಯಾಗಿ ಚಲಿಸುತ್ತದೆ. ದಾರಿಯಲ್ಲಿ ಮೌಸ್ ಪಕ್ಕದ ಸಾಲನ್ನು ಮುಟ್ಟಿದರೆ ಆ ಸಾಲಿನ ಉಪಮೆನು ತೆರೆಯುತ್ತದೆ. ಮ್ಯಾಕಿಂಟಾಷ್‌ನಲ್ಲಿ ಆಪಲ್‌ನ ವಿನ್ಯಾಸಕ ಬ್ರೂಸ್ ಟೊಗ್ನಾಜಿನಿ ಇದಕ್ಕೊಂದು ಸೊಗಸಾದ ಪರಿಹಾರ ಕಂಡುಕೊಂಡರು: ಮೌಸ್ ಉಪಮೆನುವಿನತ್ತ ಚಾಚಿದ ತ್ರಿಕೋನದ ಒಳಗೆ ಸಾಗುತ್ತಿರುವವರೆಗೆ, ನಡುವೆ ಬೇರೆ ಸಾಲು ಸಿಕ್ಕರೂ, ತೆರೆದದ್ದು ತೆರೆದೇ ಇರುತ್ತದೆ. ವಿಂಡೋಸ್ ಕಾಲಾವಕಾಶವನ್ನು ನೆಚ್ಚಿಕೊಂಡಿದೆ: ಮೌಸ್ ಬೇರೆ ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಂತ ಮೇಲಷ್ಟೇ ಆ ಸಾಲಿನ ಉಪಮೆನು ತೆರೆಯುತ್ತದೆ. ಅದರ ಪೂರ್ವನಿಗದಿತ ಅವಧಿ 400 ಮಿಲಿಸೆಕೆಂಡ್. ಚುರುಕಾದ ಕೈಗೆ ಅದು ಸಾಕು, ಮೌಸ್ ಹಿಡಿದು ಹೆಚ್ಚು ರೂಢಿಯಿಲ್ಲದವರಿಗೆ ಸಾಲದು.

ಕಿರಿದಾದ ದಾರಿಯೊಳಗೆ ಮೌಸ್ ಸಾಗಿಸಲು ಬೇಕಾಗುವ ಸಮಯ ಆ ದಾರಿ ಉದ್ದವಾದಂತೆ ಹೆಚ್ಚುತ್ತದೆ, ಅಗಲವಾದಂತೆ ಕಡಿಮೆಯಾಗುತ್ತದೆ ಎಂದು ಸಂಶೋಧಕರಾದ ಜಾನಿ ಅಕ್ಕೋ ಮತ್ತು ಶುಮಿನ್ ಝಾಯ್ 1997ರಲ್ಲಿ ತೋರಿಸಿದರು. ಕನ್ನಡದ ಮೆನುಗಳಿಗೆ ಇದು ನೇರವಾಗಿ ತಟ್ಟುತ್ತದೆ. ಮೆನುವಿನ ಒಂದೊಂದು ಸಾಲೂ ಅಂಥ ಕಿರಿದಾದ ದಾರಿ; ಮೆನುವಿನ ಅಗಲವೇ ಆ ದಾರಿಯ ಉದ್ದ, ಅದು ನಿಗದಿಯಾಗುವುದು ಮೆನುವಿನ ಅತಿ ಉದ್ದದ ಹೆಸರಿನಿಂದ. ‘ಮುಂಗಡ ಪಾವತಿಗಳ ವಿವರವಾದ ವರದಿ’ ಎಂದು ಒಂದೇ ಒಂದು ಕಡೆ ಬರೆದರೂ ಉಳಿದ ಎಲ್ಲ ಸಾಲುಗಳಲ್ಲಿಯೂ ಮೌಸ್ ಅಷ್ಟು ದೂರ ನಡೆಯಬೇಕು. ‘ಮುಂಗಡ’ ಎಂದರೆ ಅಂಗಡಿಯಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಟಿಕಿಂಟರ್‌ನಲ್ಲಿ ಉಪಮೆನು ಕಟ್ಟುವುದು ಸುಲಭ: ಹೊಸದೊಂದು ಮೆನು ಮಾಡಿ, ಅದನ್ನು ‘ಆಡ್ ಕ್ಯಾಸ್ಕೇಡ್’ ಮೂಲಕ ತಾಯಿ ಮೆನುವಿಗೆ ಜೋಡಿಸಬೇಕು. ‘ಟೇರ್‌ಆಫ್’ ಆಯ್ಕೆಯನ್ನು ಸೊನ್ನೆ ಮಾಡದಿದ್ದರೆ ಪ್ರತಿ ಮೆನುವಿನ ತಲೆಯ ಮೇಲೆ, ಮೆನುವನ್ನು ಕಿತ್ತು ಬೇರೆ ಕಿಟಕಿಯಾಗಿಸುವ ಒಂದು ತುಂಡುಗೆರೆ ಕಾಣಿಸುತ್ತದೆ. ಇತ್ತೀಚೆಗೆ ಬಂದ ರೈತರ ಪಟ್ಟಿಯಂತಹ, ದಿನವಿಡೀ ಬದಲಾಗುವ ಉಪಮೆನುವಿಗೆ ‘ಪೋಸ್ಟ್‌ಕಮಾಂಡ್’ ಬಹಳ ಉಪಯುಕ್ತ. ಮೆನು ತೆರೆಯುವ ಮುನ್ನ ಅದು ನಮ್ಮ ಫಂಕ್ಷನ್ನನ್ನು ಕರೆಯುವುದರಿಂದ ಹಳೆಯ ಸಾಲುಗಳನ್ನು ಅಳಿಸಿ ಹೊಸದನ್ನು ತುಂಬಬಹುದು. ‘ಆಕ್ಸಿಲರೇಟರ್’ ಎಂಬ ಆಯ್ಕೆಯನ್ನು ಮಾತ್ರ ನಂಬಿ ಕೂರಬಾರದು, ಅದು ಶಾರ್ಟ್‌ಕಟ್‌ನ ಹೆಸರನ್ನು ಮೆನುವಿನಲ್ಲಿ ತೋರಿಸುತ್ತದೆಯೇ ಹೊರತು ಕೀಲಿಯನ್ನು ಕೆಲಸಕ್ಕೆ ಹಚ್ಚುವುದಿಲ್ಲ; ಅದಕ್ಕೆ ‘ಬೈಂಡ್’ ಬೇರೆಯಾಗಿ ಬರೆಯಬೇಕು. ಕೀಲಿಮಣೆ ಕನ್ನಡದಲ್ಲಿರಲಿ, ಇಂಗ್ಲಿಷ್‌ನಲ್ಲಿರಲಿ, ಎಫ್2, ಎಫ್3ರಂತಹ ಕೀಲಿಗಳು ಬದಲಾಗುವುದಿಲ್ಲವಾದ್ದರಿಂದ ಆವಕಕ್ಕೂ ತೂಕಕ್ಕೂ ಅವನ್ನೇ ಕೊಟ್ಟಿದ್ದೇನೆ.

ಈಗ ‘ಹೊಸ ಆವಕ’ ಮೊದಲ ಹಂತದಲ್ಲಿಯೇ ಇದೆ. ಡಬ್ಬಿಯೋ ಕಡ್ಡಿಯೋ ಎಂಬುದನ್ನು ಆವಕದ ಫಾರ್ಮ್‌ನೊಳಗೆ ಆರಿಸಿಕೊಳ್ಳುತ್ತಾರೆ. ಉಪಮೆನು ಉಳಿದಿರುವುದು ವರ್ಷಾಂತ್ಯದ ವರದಿಗಳಿಗೆ ಮತ್ತು ಮುದ್ರಣದ ಕಾಗದದ ಅಳತೆಗೆ. ಅವು ಅಪರೂಪದ ಕೆಲಸಗಳು, ಅಲ್ಲಿ ಎರಡನೆಯ ಹಂತ ಯಾರಿಗೂ ಭಾರವಾಗುವುದಿಲ್ಲ. ಮೂರನೆಯ ಹಂತ ಬೇಕೆನಿಸಿದ ಕಡೆಯಲ್ಲೆಲ್ಲ ಹುಡುಕುವ ಪೆಟ್ಟಿಗೆಯಿರುವ ಪ್ರತ್ಯೇಕ ಕಿಟಕಿಯನ್ನೇ ಇಟ್ಟಿದ್ದೇನೆ.