ಫೆಜ್‌ನಿಂದ ಮರಾಕೇಶ್‌ಗೆ, ಸಾರ್ಥಗಳು ನಡೆದ ದಾರಿಯಲ್ಲಿ

ಮೊರಾಕೊ ಪ್ರವಾಸದ ಕರಪತ್ರಗಳು ಆ ದೇಶವನ್ನು ಸಾಮಾನ್ಯವಾಗಿ ಮೂರು ಭಾಗ ಮಾಡಿ ತೋರಿಸುತ್ತವೆ: ಕೋಟೆಗೋಡೆಯೊಳಗಿನ ಹಳೆಯ ನಗರಗಳು, ಕೇಸರಿ ಬಣ್ಣದ ಮರಳ ದಿಬ್ಬಗಳು, ಹಿಮ ಹೊತ್ತ ಅಟ್ಲಾಸ್ ಪರ್ವತಗಳು. ಒಂದೊಂದಕ್ಕೆ ಒಂದೊಂದು ಪುಟ, ಒಂದೊಂದು ಚಿತ್ರ. ಫೆಜ್ ನಗರದಿಂದ ಹೊರಟು, ಮಧ್ಯ ಅಟ್ಲಾಸ್ ದಾಟಿ, ಸಹಾರಾದ ಅಂಚಿನಲ್ಲಿ ತಂಗಿ, ಅಲ್ಲಿಂದ ಹೈ ಅಟ್ಲಾಸ್ ಏರಿ ಮರಾಕೇಶ್‌ಗೆ ಇಳಿಯುವ ದಾರಿಯನ್ನು ಮಾರ್ಗದರ್ಶಕರೊಂದಿಗೆ ಹಗಲಿನಲ್ಲಿಯೇ, ಅವಸರವಿಲ್ಲದೆ ಕ್ರಮಿಸಿದ ಮೇಲೆ ನನಗೆ ಈ ವಿಂಗಡಣೆ ಒಪ್ಪಿಗೆಯಾಗುವುದಿಲ್ಲ. ಬೆಟ್ಟದ ಹಿಮ ಕರಗಿ ನದಿಯಾಗುತ್ತದೆ. ಆ ನದಿಯ ನೀರು ಮರುಭೂಮಿಯ ಅಂಚಿನಲ್ಲಿ ಖರ್ಜೂರದ ತೋಪುಗಳನ್ನು ಬೆಳೆಸುತ್ತದೆ. ತೋಪುಗಳಿದ್ದ ಕಡೆ ಒಂಟೆಗಳ ಸಾರ್ಥಗಳು, ಎಂದರೆ ವ್ಯಾಪಾರಿಗಳ ತಂಡಗಳು, ತಂಗಿದವು. ಸಾರ್ಥಗಳು ಹೊತ್ತು ತಂದ ಚಿನ್ನದ ಬಲದಿಂದ ರಾಜವಂಶಗಳು ನಗರಗಳನ್ನು ಕಟ್ಟಿದವು. ಈ ಸರಪಳಿಯ ಒಂದು ಕೊಂಡಿಯನ್ನು ಬಿಟ್ಟು ನೋಡಿದರೂ ಮಿಕ್ಕವು ಬರಿಯ ನೋಟಗಳಾಗಿ ಉಳಿಯುತ್ತವೆ.

ಮೊರಾಕೊದಲ್ಲಿ ಮಾರ್ಗದರ್ಶಕರಾಗಲು ಸರ್ಕಾರದ ಪರವಾನಗಿ ಬೇಕು. ನಗರಗಳಲ್ಲಿಯೂ ಪ್ರವಾಸಿ ಮಾರ್ಗಗಳಲ್ಲಿಯೂ ಕೆಲಸ ಮಾಡುವವರದು ಒಂದು ವರ್ಗವಾದರೆ, ಬೆಟ್ಟ ಮರುಭೂಮಿಗಳಂಥ ನಿಸರ್ಗ ಪ್ರದೇಶಗಳಿಗೆ ಕರೆದೊಯ್ಯುವವರದು ಇನ್ನೊಂದು. ನಮ್ಮೊಂದಿಗೆ ಕಡೆಯವರೆಗೂ ಇದ್ದವರು ಸಹಾರಾದ ಅಂಚಿನ ತಾಫಿಲಾಲ್ತ್ ಸೀಮೆಯ ಅಮಾಜಿಗ್ (ಬರ್ಬರ್) ಸಮುದಾಯದವರು. ಫೆಜ್ ಮತ್ತು ಮರಾಕೇಶ್‌ಗಳಲ್ಲಿ ಆಯಾ ಊರಿನ ಮಾರ್ಗದರ್ಶಕರು ಜೊತೆಗೂಡಿದರು. ಒಂದೇ ಪ್ರವಾಸಕ್ಕೆ ಇಷ್ಟು ಜನ ಏಕೆ ಎಂದು ಕೇಳುವವರಿದ್ದಾರೆ. ಫೆಜ್‌ನ ಯಾವ ಬಾಗಿಲ ಹಿಂದೆ ಏನಿದೆ ಎಂಬುದು ಅಲ್ಲಿ ಬೆಳೆದವರಿಗೆ ತಿಳಿದಿರುತ್ತದೆ. ಯಾವ ಊರಿನ ನೀರು ಯಾವಾಗ ಬತ್ತಿತು ಎಂಬುದು ತಾಫಿಲಾಲ್ತ್‌ನ ರೈತರ ಮಕ್ಕಳಿಗೆ ತಿಳಿದಿರುತ್ತದೆ. ಎರಡೂ ತಿಳಿದ ಒಬ್ಬರು ಸಿಗುವುದು ಅಪರೂಪವಾದ್ದರಿಂದ ಈ ಖರ್ಚು ನ್ಯಾಯವಾದದ್ದೆಂದೇ ನನ್ನ ಭಾವನೆ.

ಕಾಸಾಬ್ಲಾಂಕಾದಲ್ಲಿ 1993ರಲ್ಲಿ ಪೂರ್ಣಗೊಂಡ ಹಸನ್ II ಮಸೀದಿಯನ್ನೂ, ರಬಾತ್‌ನಲ್ಲಿ ಸುಲ್ತಾನ ಯಾಕೂಬ್ ಅಲ್ ಮನ್ಸೂರ್ 1199ರಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತ ಹಸನ್ ಗೋಪುರವನ್ನೂ ನೋಡಿದೆವು. ಎರಡೂ ನೋಡತಕ್ಕವೇ ಹೌದು, ಆದರೆ ಈ ದಾರಿಯ ಕಥೆ ಆರಂಭವಾಗುವುದು ಫೆಜ್‌ನಲ್ಲಿ.

ಎಂಟನೆಯ ಶತಮಾನದ ಕೊನೆಯಲ್ಲಿ ಇದ್ರಿಸಿ ವಂಶದವರು ನದಿಯ ದಡದಲ್ಲಿ ಸ್ಥಾಪಿಸಿದ ಈ ಊರಿಗೆ ಒಂಬತ್ತನೆಯ ಶತಮಾನದಲ್ಲಿ ಸ್ಪೇನಿನ ಕಾರ್ಡೋಬಾದಿಂದಲೂ ಟುನೀಸಿಯಾದ ಕೈರವಾನ್‌ನಿಂದಲೂ ಕುಟುಂಬಗಳು ವಲಸೆ ಬಂದು, ನದಿಯ ಎರಡು ದಡಗಳಲ್ಲಿ ಎರಡು ಕೇರಿಗಳಾಗಿ ನೆಲೆಸಿದವು. ಕೈರವಾನ್ ಮೂಲದ ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ 859ರಲ್ಲಿ ಕಟ್ಟಿಸಿದಳೆಂದು ಪರಂಪರೆ ಹೇಳುವ ಅಲ್ ಕರವಿಯೀನ್ ಮಸೀದಿಯೇ ಮುಂದೆ ದೊಡ್ಡ ವಿದ್ಯಾಕೇಂದ್ರವಾಯಿತು. ಮುಸ್ಲಿಮೇತರರಿಗೆ ಒಳಗೆ ಪ್ರವೇಶವಿಲ್ಲ. ಬಾಗಿಲಲ್ಲಿ ನಿಂತು ಅಂಗಳದ ಕಾರಂಜಿಯನ್ನು ನೋಡಿದೆವು. ಆದರೆ ಮರಿನಿ ವಂಶದ ಸುಲ್ತಾನ ಅಬು ಇನಾನ್ 1350ರ ದಶಕದಲ್ಲಿ ಕಟ್ಟಿಸಿದ ಬೂ ಇನಾನಿಯಾ ಮದರಸಾಕ್ಕೆ ಯಾರು ಬೇಕಾದರೂ ಹೋಗಬಹುದು. ಕೆಳಗೆ ಬಣ್ಣದ ಹೆಂಚಿನ ಜೋಡಣೆ, ಅದರ ಮೇಲೆ ಗಾರೆಯಲ್ಲಿ ಕೊರೆದ ಕುಸುರಿ, ಎಲ್ಲಕ್ಕೂ ಮೇಲೆ ದೇವದಾರು ಮರದ ಕೆತ್ತನೆ, ಹೀಗೆ ಮೂರು ಪದರಗಳಲ್ಲಿ ಗೋಡೆ ಮೇಲೇರುತ್ತದೆ. ಅಬು ಇನಾನ್ ಎಂಬ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮರುಭೂಮಿಯ ಅಂಚಿನಲ್ಲಿ ಈತ ಮತ್ತೆ ಸಿಗುತ್ತಾನೆ.

ಆ ಹೆಂಚಿನ ಕೆಲಸಕ್ಕೆ ಜೆಲ್ಲಿಜ್ ಎನ್ನುತ್ತಾರೆ. ಅದನ್ನು ಈಗಲೂ ಕೈಯಲ್ಲಿಯೇ ಮಾಡುವ ಕಾರ್ಖಾನೆಯೊಂದಕ್ಕೆ ಮಾರ್ಗದರ್ಶಕರು ನಮ್ಮನ್ನು ಕರೆದೊಯ್ದರು. ನೆಲದ ಮೇಲೆ ಕುಳಿತ ಕುಶಲಕರ್ಮಿ ಚೌಕದ ಹೆಂಚನ್ನು ಗಟ್ಟಿ ದಿಮ್ಮಿಯ ಮೇಲಿಟ್ಟು, ಭಾರವಾದ ಚೂಪು ಸುತ್ತಿಗೆಯಿಂದ ನಕ್ಷತ್ರ, ಬಾದಾಮಿ, ಎಂಟು ಮೂಲೆಯ ಹರಳುಗಳ ಆಕಾರಕ್ಕೆ ಒಡೆಯುತ್ತಾನೆ. ಜೋಡಿಸುವವನ ಕೆಲಸ ಇನ್ನೂ ಕಠಿಣವಾದದ್ದು. ಬಣ್ಣದ ಮುಖವನ್ನು ನೆಲಕ್ಕೆ ಮಾಡಿ ತುಣುಕುಗಳನ್ನು ಒಂದರ ಪಕ್ಕ ಒಂದನ್ನು ಹೊಂದಿಸುತ್ತಾ ಹೋಗಬೇಕು, ಬಳಿಕ ಹಿಂಬದಿಗೆ ಗಾರೆ ಸುರಿಯಬೇಕು. ಜೋಡಿಸುವಷ್ಟು ಹೊತ್ತೂ ಅವನಿಗೆ ಕಾಣುವುದು ಮಣ್ಣುಬಣ್ಣದ ಬೆನ್ನುಗಳು ಮಾತ್ರ. ನೀಲಿ ಎಲ್ಲಿ, ಹಸಿರು ಎಲ್ಲಿ ಎಂಬುದೆಲ್ಲ ತಲೆಯಲ್ಲಿಯೇ ಇರಬೇಕು. ಅವನ ಬೆರಳುಗಳು ಒಮ್ಮೆಯೂ ತಡವರಿಸಲಿಲ್ಲ. ಫೆಜ್‌ಗೆ ಬಂದವರೆಲ್ಲ ಪುದೀನ ಎಲೆಯನ್ನು ಮೂಗಿಗೆ ಹಿಡಿದು ಚೌವಾರಾದ ಚರ್ಮ ಹದ ಮಾಡುವ ತೊಟ್ಟಿಗಳನ್ನು ಮೇಲಿನಿಂದ ನೋಡಿ ಹೋಗುತ್ತಾರೆ. ಸುಣ್ಣ ಮತ್ತು ಪಾರಿವಾಳದ ಹಿಕ್ಕೆಯ ನೀರಿನಲ್ಲಿ ಮೊಣಕಾಲವರೆಗೆ ಇಳಿದು ದುಡಿಯುವವರನ್ನು ಮಾಳಿಗೆಯಿಂದ ಚಿತ್ರ ತೆಗೆಯುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಜೆಲ್ಲಿಜ್ ಕೆಲಸಗಾರರ ಬಳಿ ಕುಳಿತು ಕಳೆದ ಹೊತ್ತು ನನಗೆ ಹೆಚ್ಚಿನದು.

ಫೆಜ್‌ನಿಂದ ದಕ್ಷಿಣಕ್ಕೆ ಹೊರಟ ರಸ್ತೆ ಇಫ್ರಾನ್ ಮತ್ತು ಅಜ್ರೂ ಸುತ್ತಲಿನ ದೇವದಾರು ಕಾಡುಗಳನ್ನು ಹಾದು ಹೋಗುತ್ತದೆ. ಬಾಲವಿಲ್ಲದ ಬಾರ್ಬರಿ ಕೋತಿಗಳು ಇಲ್ಲಿ ವಾಹನಗಳ ಬಳಿಗೇ ಬರುತ್ತವೆ. ಅಳಿವಿನಂಚಿನಲ್ಲಿರುವ ಈ ಪ್ರಾಣಿಗೆ ತಿನಿಸು ಕೊಡಬೇಡಿರೆಂದು ಮಾರ್ಗದರ್ಶಕರು ಹೇಳುತ್ತಿದ್ದಂತೆಯೇ ಪಕ್ಕದ ಬಸ್ಸಿನವರು ಕೊಡುತ್ತಿದ್ದರು. ಮಿದೆಲ್ತ್ ಪಟ್ಟಣ ದಾಟಿದ ಮೇಲೆ ಮರಗಳು ತೆಳುವಾಗಿ, ನೆಲ ಕಂದಾಗಿ, ಗಂಟೆಗಟ್ಟಲೆ ಬರಡು ನಡೆದು, ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಜಿಜ್ ನದಿಯ ಕಣಿವೆ ತೆರೆದುಕೊಳ್ಳುತ್ತದೆ: ಎರಡು ಬದಿಗೆ ಕೆಂಪು ಬಂಡೆ, ನಡುವೆ ಕಣ್ಣು ಹಾಯುವಷ್ಟು ದೂರ ಖರ್ಜೂರದ ಹಸಿರು. ಈ ಹಾದಿಯನ್ನು ರಾತ್ರಿ ಬಸ್ಸಿನಲ್ಲಿ ನಿದ್ರಿಸುತ್ತಾ ಕಳೆಯುವವರು ಇಡೀ ಪ್ರವಾಸದ ಒಳ್ಳೆಯ ಹಗಲೊಂದನ್ನು ಕಳೆದುಕೊಳ್ಳುತ್ತಾರೆ.

ಜಿಜ್ ನದಿ ಬಯಲಿಗಿಳಿದು ಹರಡುವ ಸೀಮೆಯೇ ತಾಫಿಲಾಲ್ತ್. ಇಲ್ಲಿನ ರಿಸ್ಸಾನಿ ಪಟ್ಟಣದ ಪಕ್ಕದಲ್ಲಿ ಸಿಜಿಲ್ಮಾಸಾದ ಅವಶೇಷಗಳಿವೆ. ನೋಡಲು ಕೆಲವು ಮುರುಕು ಮಣ್ಣುಗೋಡೆಗಳಷ್ಟೇ. ಹೆಚ್ಚಿನ ಪ್ರವಾಸಗಳು ಇಲ್ಲಿ ನಿಲ್ಲುವುದೂ ಇಲ್ಲ. ಆದರೆ 757ರಲ್ಲಿ ಸ್ಥಾಪನೆಯಾದ ಈ ನಗರ ಶತಮಾನಗಳ ಕಾಲ ಸಹಾರಾ ದಾಟುವ ವ್ಯಾಪಾರದ ಉತ್ತರದ ಬಾಗಿಲಾಗಿತ್ತು. ಉಪ್ಪು ದಕ್ಷಿಣಕ್ಕೆ, ಚಿನ್ನ ಉತ್ತರಕ್ಕೆ. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಅಲ್ಮೊರಾವಿದ್ ರಾಜವಂಶದವರು ಸಿಜಿಲ್ಮಾಸಾವನ್ನು ವಶಪಡಿಸಿಕೊಂಡು, ಇಲ್ಲಿ ಚಿನ್ನದ ದಿನಾರ್ ಟಂಕಿಸಿ, ಮುಂದೆ ಮರಾಕೇಶ್ ನಗರಕ್ಕೆ ಅಡಿಪಾಯ ಹಾಕಿದರು.

ಹೊನ್ನಾವರ, ಬಾರ್ಕೂರು, ಮಂಗಳೂರುಗಳನ್ನು ಕಂಡು ಬರೆಸಿಟ್ಟ ಇಬ್ನ್ ಬತೂತಾ, ಟ್ಯಾಂಜಿಯರ್‌ನಲ್ಲಿ ಹುಟ್ಟಿದ ಅದೇ ಪ್ರಯಾಣಿಕ, 1352ರಲ್ಲಿ ಮಾಲಿ ಸಾಮ್ರಾಜ್ಯಕ್ಕೆ ಹೊರಟದ್ದು ಈ ಸಿಜಿಲ್ಮಾಸಾದಿಂದ. ಸಾರ್ಥದೊಂದಿಗೆ 25 ದಿನ ನಡೆದು ತಘಾಜಾ ಎಂಬ ಉಪ್ಪಿನ ಗಣಿಯ ಊರು ಸೇರಿದಾಗ, ಅಲ್ಲಿ ಉಪ್ಪಿನ ಹಾಸುಗಳಿಂದಲೇ ಕಟ್ಟಿ ಒಂಟೆಯ ಚರ್ಮ ಹೊದಿಸಿದ ಮನೆಗಳನ್ನು ಕಂಡ. ಮರಳುವಾಗ ಸಿಜಿಲ್ಮಾಸಾದಿಂದ ಫೆಜ್‌ಗೆ ಚಳಿಗಾಲದ ನಡುವೆ ಅಟ್ಲಾಸ್ ದಾಟಬೇಕಾಯಿತು. ಬುಖಾರಾ, ಸಮರ್ಕಂದ, ಖುರಾಸಾನಗಳ ಹಿಮವನ್ನು ಕಂಡಿದ್ದ ಅವನಿಗೂ ಇಷ್ಟು ಕಷ್ಟದ ಹಾದಿ ಬೇರೆ ಕಂಡಿರಲಿಲ್ಲವಂತೆ. ಅವನನ್ನು ಫೆಜ್‌ಗೆ ಕರೆಸಿಕೊಂಡು, ಆವರೆಗಿನ ಪ್ರಯಾಣಗಳನ್ನೆಲ್ಲ ಹೇಳಿಸಿ ಬರೆಸಿದವನು ಸುಲ್ತಾನ ಅಬು ಇನಾನ್. ನಾವು ಅಂಗಳದಲ್ಲಿ ನಿಂತು ನೋಡಿದ್ದ ಮದರಸಾ ಕಟ್ಟುತ್ತಿದ್ದ ವರ್ಷಗಳಲ್ಲಿಯೇ ಆ ಬರವಣಿಗೆಯೂ ನಡೆಯಿತು. ರಿಸ್ಸಾನಿಯ ಆ ಮುರುಕು ಗೋಡೆಗಳ ನಡುವೆ ಮಾರ್ಗದರ್ಶಕರು ಇದನ್ನು ಹೇಳಿದಾಗ, ಹಿಂದಿನ ದಿನಗಳ ನಗರವೂ ಮುಂದಿನ ಮರುಭೂಮಿಯೂ ನನ್ನ ಮನಸ್ಸಿನಲ್ಲಿ ಮೊದಲ ಬಾರಿಗೆ ಒಂದಾದವು.

ಅದೇ ಸೀಮೆಯ ಬಯಲಿನಲ್ಲಿ ಸಾಲುಸಾಲಾಗಿ ಮಣ್ಣಿನ ಗುಡ್ಡೆಗಳು ಕಾಣುತ್ತವೆ. ಹತ್ತಿರ ಹೋದರೆ ಪ್ರತಿಯೊಂದರ ನಡುವೆಯೂ ಬಾವಿಯಂಥ ಕಂಡಿ. ಕೆಳಗೆ ಆಳದಲ್ಲಿ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರದ ಸುರಂಗ. ಇವು ಖೆತ್ತಾರಾಗಳು. ಎತ್ತರದ ನೆಲದ ಅಂತರ್ಜಲವನ್ನು ಅತಿ ಮಂದ ಇಳಿಜಾರಿನ ಸುರಂಗದ ಮೂಲಕ, ಯಾವ ಯಂತ್ರವೂ ಇಲ್ಲದೆ, ಆವಿಯಾಗಲು ಬಿಡದೆ ತೋಪಿನವರೆಗೆ ತರುವ ವಿಧಾನವಿದು. ಬೀದರಿನ ನೌಬಾದ್ ಕರೇಜನ್ನು ಬಲ್ಲವರಿಗೆ ಇದರ ಕ್ರಮ ಕೂಡಲೇ ಅರ್ಥವಾಗುತ್ತದೆ. ನೀರಿನ ಪಾಲನ್ನು ಅಳೆಯುತ್ತಿದ್ದದ್ದು ಸಮಯದಿಂದ: ಸುರಂಗ ತೋಡುವುದಕ್ಕೆ ಯಾವ ಮನೆತನ ಎಷ್ಟು ದುಡಿಯಿತೋ ಅದಕ್ಕೆ ತಕ್ಕಷ್ಟು ಹೊತ್ತು ಕಾಲುವೆ ಅವರದು. ನಾವು ಮೆಟ್ಟಿಲಿಳಿದು ನೋಡಿದ ಖೆತ್ತಾರಾ ಒಣಗಿತ್ತು. ಗೋಡೆಯ ಮೇಲೆ ಹಾರೆಯ ಗುರುತುಗಳು ಈಗಷ್ಟೇ ಅಗೆದಂತೆ ಸ್ಪಷ್ಟವಾಗಿದ್ದವು. ಪಾದದ ಕೆಳಗೆ ಬರಿಯ ಧೂಳು. ಎರ್ರಾಶಿದಿಯಾ ಬಳಿ 1971ರಲ್ಲಿ ಕಟ್ಟಿದ ಹಸನ್ ಅದ್ದಾಖಿಲ್ ಅಣೆಕಟ್ಟು, ಆಮೇಲೆ ಬಂದ ಮೋಟಾರ್ ಪಂಪುಗಳು, ಮತ್ತೆ ಮತ್ತೆ ಬಂದ ಬರ, ಇವೆಲ್ಲ ಸೇರಿ ಅಂತರ್ಜಲ ಕೆಳಗಿಳಿದು ಇಂಥ ಅನೇಕ ಸುರಂಗಗಳು ಬತ್ತಿವೆ. ತಮ್ಮ ಅಜ್ಜನ ಕಾಲದಲ್ಲಿ ವರ್ಷಕ್ಕೊಮ್ಮೆ ಊರಿನವರೆಲ್ಲ ಇಳಿದು ಹೂಳೆತ್ತುತ್ತಿದ್ದ ಬಗೆಯನ್ನು ಮಾರ್ಗದರ್ಶಕರು ಅಲ್ಲಿಯೇ ನಿಂತು ವಿವರಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರವಾಸದಲ್ಲಿ ಇದಕ್ಕಿಂತ ಮುಖ್ಯವಾದ ತಾಣವಿಲ್ಲ.

ಎರ್ಗ್ ಶೆಬ್ಬಿಯ ಮರಳ ದಿಬ್ಬಗಳು ಮೆರ್ಜೂಗಾ ಹಳ್ಳಿಯ ಹಿಂದೆಯೇ ಏಳುತ್ತವೆ. ಅತಿ ಎತ್ತರದವು ಸುಮಾರು 150 ಮೀಟರ್. ಸಂಜೆಯ ಬಿಸಿಲಿನಲ್ಲಿ ಒಂದೇ ದಿಬ್ಬದ ಒಂದು ಮಗ್ಗುಲು ಕೇಸರಿಯಾಗಿಯೂ ಇನ್ನೊಂದು ಮಗ್ಗುಲು ನೇರಳೆಗಪ್ಪಾಗಿಯೂ ಕಾಣುವ ಗೆರೆಯ ಮೇಲೆ ನಡೆಯುವ ಸಂತೋಷ ದೊಡ್ಡದು, ರಾತ್ರಿಯ ನಕ್ಷತ್ರಗಳೂ ಅಷ್ಟೇ. ಶಿಬಿರವನ್ನು ಆಯ್ದುಕೊಳ್ಳುವಾಗ ಮಾತ್ರ ಎಚ್ಚರ ಬೇಕು: ಹಳ್ಳಿಯ ಅಂಚಿನಲ್ಲಿಯೇ ಒತ್ತೊತ್ತಾಗಿರುವ ಡೇರೆಗಳಲ್ಲಿ ಮರಳುಗಾಡಿನ ಮೌನಕ್ಕಿಂತ ನಾಲ್ಕು ಚಕ್ರದ ಮೋಟಾರ್ ಬೈಕುಗಳ ಸದ್ದೇ ಹೆಚ್ಚು. ಸಮೀಪದ ಖಮ್ಲಿಯಾ ಹಳ್ಳಿಯಲ್ಲಿ ಗ್ನಾವಾ ಸಂಗೀತಗಾರರು ಕಬ್ಬಿಣದ ಚಿಟಿಕೆಗಳನ್ನೂ ಡೋಲನ್ನೂ ನುಡಿಸುತ್ತಾ ಹಾಡುತ್ತಾರೆ. ಅವರ ಪೂರ್ವಿಕರು ಸಹಾರಾದ ದಕ್ಷಿಣದಿಂದ ಗುಲಾಮರಾಗಿ ಬಂದವರು. ಚಿನ್ನದೊಂದಿಗೆ ಮನುಷ್ಯರನ್ನೂ ಇದೇ ದಾರಿಯಲ್ಲಿ ತರುತ್ತಿದ್ದರು ಎಂಬುದನ್ನು ಹೇಳದೆ ಸಾರ್ಥಗಳ ವೈಭವವನ್ನಷ್ಟೇ ಹೊಗಳುವುದು ಸರಿಯಲ್ಲ.

ಮರಳಿನಿಂದ ಪಶ್ಚಿಮಕ್ಕೆ ತಿರುಗಿದರೆ ತೋದ್ರಾ ಕಮರಿ: ಎರಡು ಬದಿಗೂ ಸುಮಾರು 300 ಮೀಟರ್ ಎತ್ತರದ ಸುಣ್ಣಕಲ್ಲಿನ ಗೋಡೆಗಳು, ನಡುವೆ ಮೊಣಕಾಲು ಮುಳುಗದ ತಣ್ಣನೆಯ ಹೊಳೆ. ಗುಲಾಬಿ ಕೃಷಿಗೆ ಹೆಸರಾದ ಕೆಲಾತ್ ಮ್ಗೌನಾವನ್ನು ನಾವು ಹೂವಿನ ಕಾಲದಲ್ಲಿ ನೋಡಲಿಲ್ಲವಾದ್ದರಿಂದ ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ.

ವರ್ಜಾಜಾತ್ ಪಟ್ಟಣದ ಆಚೆ, ಉನಿಲಾ ಹೊಳೆಯ ದಡದಲ್ಲಿರುವ ಐತ್ ಬೆನ್ ಹದ್ದೂ 1987ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇದು ಸಹಾರಾದಿಂದ ಮರಾಕೇಶ್‌ಗೆ ಹೋಗುವ ಸಾರ್ಥಗಳ ದಾರಿಯ ಮೇಲಿನ ಮಣ್ಣಿನ ಕೋಟೆಯೂರು. ಈಗಿರುವ ಕಟ್ಟಡಗಳು ಹದಿನೇಳನೆಯ ಶತಮಾನಕ್ಕಿಂತ ಹಿಂದಿನವೆಂದು ತೋರುವುದಿಲ್ಲ, ಕಟ್ಟುವ ವಿಧಾನ ಮಾತ್ರ ಬಹು ಹಳೆಯದು. ಎರಡು ಹಲಗೆಗಳ ನಡುವೆ ಹಸಿ ಮಣ್ಣು ತುಂಬಿ, ಧಮ್ಮಸ್ಸು ಹಾಕಿ, ಹಲಗೆ ಮೇಲೇರಿಸಿ, ಮತ್ತೆ ಮಣ್ಣು ತುಂಬುತ್ತಾರೆ. ಹಲಗೆಗೆ ಆಸರೆಯಾಗಿದ್ದ ಅಡ್ಡಮರಗಳ ತೂತುಗಳು ಗೋಡೆಯಲ್ಲಿ ಸಾಲಾಗಿ ಉಳಿದಿವೆ. ಕೈಯಿಟ್ಟು ನೋಡಿದರೆ ಮಣ್ಣಿನೊಳಗೆ ಒಣಹುಲ್ಲಿನ ಎಳೆಗಳು, ಸಣ್ಣ ಬೆಣಚುಕಲ್ಲುಗಳು, ಮಳೆನೀರು ಕೊರೆದ ಉದ್ದನೆಯ ಗೀರುಗಳು ಸಿಗುತ್ತವೆ. ಪ್ರತಿ ಮಳೆಗಾಲದ ಬಳಿಕ ತೇಪೆ ಹಾಕದಿದ್ದರೆ ಈ ಗೋಡೆಗಳು ಕೆಲವೇ ದಶಕಗಳಲ್ಲಿ ಮಣ್ಣಿಗೆ ಮರಳುತ್ತವೆ. ಹೆಚ್ಚಿನ ಕುಟುಂಬಗಳು ಹೊಳೆಯ ಈಚೆಯ ಹೊಸ ಊರಿಗೆ ಬಂದುಬಿಟ್ಟಿರುವುದರಿಂದ, ಆಚೆ ಉಳಿದ ಕೆಲವೇ ಮನೆಯವರ ಮೇಲೆ ಆ ದುಡಿಮೆಯ ಭಾರ ಬಿದ್ದಿದೆ.

ಅಲ್ಲಿಂದ 2,260 ಮೀಟರ್ ಎತ್ತರದ ತಿಜಿ ನ್ ತಿಶ್ಕಾ ಕಣಿವೆಮಾರ್ಗ. 2023ರ ಸೆಪ್ಟೆಂಬರ್ 8ರ ರಾತ್ರಿ ಈ ಪರ್ವತಸಾಲಿನಲ್ಲಿ ಸಂಭವಿಸಿದ 6.8 ತೀವ್ರತೆಯ ಭೂಕಂಪದಲ್ಲಿ ಸುಮಾರು ಮೂರು ಸಾವಿರ ಜನ ಸತ್ತರು. ಇದೇ ಪರ್ವತಗಳಲ್ಲಿರುವ ಹನ್ನೆರಡನೆಯ ಶತಮಾನದ ತಿನ್ಮೆಲ್ ಮಸೀದಿ ದುರಸ್ತಿ ನಡೆಯುತ್ತಿದ್ದಾಗಲೇ ಬಹುಪಾಲು ಕುಸಿಯಿತು. ಮಣ್ಣಿನ ಮನೆಗಳೇ ಕೊಂದವೆಂದು ಕೆಲವರೂ, ಹಳೆಯ ಕ್ರಮವನ್ನು ಬಿಟ್ಟು ಅಡ್ಡಾದಿಡ್ಡಿ ಕಟ್ಟಿದ್ದೇ ಕಾರಣವೆಂದು ಇನ್ನು ಕೆಲವರೂ ಹೇಳುತ್ತಾರೆ. ಬೇಸಿಗೆಯ ಸೆಕೆಯನ್ನೂ ಹಿಮದ ಚಳಿಯನ್ನೂ ತಡೆಯುವ ದಪ್ಪ ಮಣ್ಣುಗೋಡೆಯ ಬದಲು ಕಾಂಕ್ರೀಟಿನ ಕೋಣೆಗಳಲ್ಲಿ ಈ ಜನ ಬದುಕಬೇಕಾದರೆ ಅದು ಪ್ರವಾಸಿಗರ ಕಣ್ಣಿಗಿಂತ ಅವರ ದೇಹಕ್ಕೇ ದೊಡ್ಡ ನಷ್ಟ; ಆದ್ದರಿಂದ ಭೂಕಂಪ ತಾಳುವಂತೆ ಬಲಪಡಿಸಿದ ಮಣ್ಣಿನ ಮನೆಗಳ ಪರವಾಗಿಯೇ ನನ್ನ ಮನಸ್ಸಿದೆ.

ಮರಾಕೇಶ್‌ನಲ್ಲಿ 77 ಮೀಟರ್ ಎತ್ತರದ ಕುತೂಬಿಯಾ ಮಿನಾರನ್ನೂ, ಜೆಮಾ ಎಲ್ ಫ್ನಾ ಚೌಕದ ಸಂಜೆಯನ್ನೂ ನೋಡದೆ ಯಾರೂ ಹಿಂದಿರುಗುವುದಿಲ್ಲ. ನಮ್ಮ ಕಾರ್ಯಕ್ರಮದಲ್ಲಿ ಕೊನೆಯ ಬೆಳಿಗ್ಗೆ ಗಾಲೀಚೆ ಮಳಿಗೆಯೊಂದರ ಭೇಟಿಯಿತ್ತು. ಅದನ್ನು ಬಿಟ್ಟು ಅಗ್ದಾಲ್ ತೋಟಕ್ಕೆ ಕರೆದೊಯ್ಯುವಿರಾ ಎಂದು ಕೇಳಿದಾಗ ಸ್ಥಳೀಯ ಮಾರ್ಗದರ್ಶಕರು ಸಂತೋಷದಿಂದ ಒಪ್ಪಿದರು. ಹನ್ನೆರಡನೆಯ ಶತಮಾನದಲ್ಲಿ ಅಲ್ಮೊಹಾದ್ ಅರಸರು ನಿರ್ಮಿಸಿದ ಆ ವಿಶಾಲ ತೋಟದ ಆಲಿವ್, ಕಿತ್ತಳೆ, ದಾಳಿಂಬೆ ಸಾಲುಗಳಿಗೂ ಅದರ ದೊಡ್ಡ ಕೊಳಗಳಿಗೂ ನೀರು ಬರುತ್ತಿದ್ದದ್ದು ಅಟ್ಲಾಸ್‌ನ ಕಣಿವೆಗಳಿಂದ, ಕಾಲುವೆ ಮತ್ತು ಖೆತ್ತಾರಾಗಳ ಮೂಲಕ. ವಾರದ ಕೆಲವೇ ದಿನ ತೆರೆದಿರುವ ಈ ತೋಟಕ್ಕೆ ಹೋಗಬೇಕೆಂದರೆ ಮುಂಚೆಯೇ ದಿನ ಹೊಂದಿಸಿಕೊಳ್ಳಬೇಕು.

ಈ ದಾರಿಗೆ ಮಾರ್ಚ್‌ನಿಂದ ಮೇ, ಇಲ್ಲವೇ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಮೆರ್ಜೂಗಾದ ಬಿಸಿಲು ಅಸಹನೀಯವಾಗಿರುತ್ತದೆ. ಚಳಿಗಾಲದಲ್ಲಿ ಹೊರಡುವವರು ತಿಶ್ಕಾ ರಸ್ತೆ ಹಿಮದಿಂದ ಮುಚ್ಚಬಹುದೆಂದು ತಿಳಿದು, ಹಿಂದಿರುಗುವ ವಿಮಾನಕ್ಕೆ ಮುಂಚೆ ಒಂದು ದಿನವನ್ನು ಬಿಡುವಾಗಿಟ್ಟುಕೊಳ್ಳುವುದು ಕ್ಷೇಮ.