ಕಿಟಕಿಯ ಪಕ್ಕ ಒಂದು ಸ್ವಿಚ್ ಬೇಕು

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ನಾನು ಕೂರುವುದು ಪೂರ್ವದ ಕಡೆ. ಹೋದ ವರ್ಷ ಅಲ್ಲಿ ಕಿಟಕಿಗಳಿಗೆ ಮೋಟಾರ್ ಬ್ಲೈಂಡ್ಸ್, ಅಂದರೆ ಮೋಟಾರಿನಿಂದ ಏರಿಳಿಯುವ ಪರದೆ, ಹಾಕಿಸಿದರು. ತಾರಸಿಯ ಮೇಲೆ ಸೆನ್ಸರ್ ಇದೆ. ಬೆಳಿಗ್ಗೆ ಬಿಸಿಲು ಬಿದ್ದಾಗ ತಾವಾಗಿಯೇ ಇಳಿಯುತ್ತವೆ, ಮಧ್ಯಾಹ್ನದ ಮೇಲೆ ಸೂರ್ಯ ಆಚೆ ಹೋದನೆಂದು ಏರುತ್ತವೆ. ಲೆಕ್ಕ ಸರಿಯಾಗೇ ಇದೆ, ಅಲ್ವಾ?

ಆದರೆ ರಸ್ತೆಯ ಆಚೆ ಇನ್ನೊಂದು ಗಾಜಿನ ಕಟ್ಟಡ ಇದೆ. ನಾಲ್ಕು ಗಂಟೆಗೆ ಪಶ್ಚಿಮದ ಬಿಸಿಲು ಅದಕ್ಕೆ ಬಡಿದು, ಕನ್ನಡಿ ಹಿಡಿದ ಹಾಗೆ ನೇರ ನಮ್ಮ ಕಣ್ಣಿಗೆ ಬರುತ್ತದೆ. ತಾರಸಿಯ ಸೆನ್ಸರ್‌ಗೆ ಅದು ಕಾಣುವುದೇ ಇಲ್ಲ. ಪಕ್ಕದ ಸೀಟಿನ ಹುಡುಗಿ ಪಿಜ್ಜಾ ಡಬ್ಬದ ಮುಚ್ಚಳ ಹರಿದು ಗಾಜಿಗೆ ಟೇಪ್ ಹಾಕಿ ಅಂಟಿಸಿದ್ದಾಳೆ. ಕೈಯಿಂದ ಇಳಿಸೋಣವೆಂದರೆ ಹಗ್ಗವೂ ಇಲ್ಲ, ಸ್ವಿಚ್ಚೂ ಇಲ್ಲ. ಮೇಂಟೆನೆನ್ಸ್‌ನವರನ್ನು ಕೇಳಿದರೆ "ಮೇಡಂ, ಅದು ಆಟೋ ಮೋಡ್‌ನಲ್ಲಿದೆ" ಎನ್ನುತ್ತಾರೆ.

ಹಾಗೆ ನೋಡಿದರೆ, ತಾವಾಗಿಯೇ ಕೆಲಸ ಮಾಡುವ ಇಂಥ ಕಿಟಕಿಗಳೆಂದರೆ ನನಗೆ ನಿಜವಾಗಿಯೂ ಇಷ್ಟ. ಪ್ಯಾರಿಸ್‌ನಲ್ಲಿ 1987ರಲ್ಲೇ ವಾಸ್ತುಶಿಲ್ಪಿ ಜಾನ್ ನುವೆಲ್ ಅವರು ಅರಬ್ ವರ್ಲ್ಡ್ ಇನ್‌ಸ್ಟಿಟ್ಯೂಟ್‌ನ ದಕ್ಷಿಣದ ಗೋಡೆಗೆ ಕ್ಯಾಮೆರಾ ಕಣ್ಣಿನಂತೆ ತೆರೆದು ಮುಚ್ಚುವ ಲೋಹದ ಜಾಲಿಗಳನ್ನು ಕೂರಿಸಿದ್ದರು. ಅಬುಧಾಬಿಯ ಅಲ್ ಬಹರ್ ಟವರ್ಸ್ 2012ರದು. ಅಲ್ಲಿ ಒಂದೊಂದು ಗೋಪುರದ ಹೊರಗೂ 1000ಕ್ಕೂ ಜಾಸ್ತಿ ಕೊಡೆಯಂಥ ಮುಚ್ಚಳಗಳಿವೆ, ಸೂರ್ಯ ಸರಿದ ಹಾಗೆಲ್ಲ ಅರಳುತ್ತವೆ, ಮಡಚಿಕೊಳ್ಳುತ್ತವೆ. ಹೊರಗೆ ಎನ್ನುವುದು ಮುಖ್ಯ. ಬಿಸಿಲನ್ನು ಗಾಜು ದಾಟುವ ಮೊದಲೇ ತಡೆಯಬೇಕು. ನಮ್ಮಲ್ಲಿ ಬ್ಲೈಂಡ್ಸ್ ಒಳಗಿವೆ, ಹಾಗಾಗಿ ಬಿಸಿಲು ಗಾಜು ದಾಟಿ ಬಟ್ಟೆಯನ್ನು ಕಾಯಿಸುತ್ತದೆ, ಆ ಕಾವಿನಲ್ಲಿ ಬಹುಪಾಲು ಒಳಗೇ ಉಳಿಯುತ್ತದೆ, ಆಮೇಲೆ ಅದನ್ನು ತೆಗೆಯಲು ಏಸಿ ಒದ್ದಾಡಬೇಕು.

ಗಾಳಿಯ ವಿಷಯದಲ್ಲಂತೂ ಬೆಂಗಳೂರಿನಷ್ಟು ಅನುಕೂಲದ ಊರು ಕಡಿಮೆ. ಬೇಸಿಗೆಯಲ್ಲೂ ರಾತ್ರಿ ತಂಪಾಗುತ್ತದೆ. ಮೇಲಿನ ಸಣ್ಣ ಕಿಟಕಿಗಳಿಗೆ ಮೋಟಾರ್ ಕೂರಿಸಿ, ರಾತ್ರಿ ತಾವೇ ತೆರೆದುಕೊಂಡು, ಕಾಂಕ್ರೀಟ್‌ನ ಕಾವನ್ನೆಲ್ಲ ಹೊರಗೆ ಬಿಟ್ಟು, ಮಳೆ ಹನಿ ಬಿದ್ದರೆ ಮುಚ್ಚಿಕೊಳ್ಳುವ ಹಾಗೆ ಮಾಡಬಹುದು. ಹಗಲು ಮೀಟಿಂಗ್ ರೂಮಿನಲ್ಲಿ ಹತ್ತು ಜನ ಬಾಗಿಲು ಹಾಕಿಕೊಂಡು ಒಂದು ಗಂಟೆ ಕೂತರೆ ತೂಕಡಿಕೆ ಬರುತ್ತದಲ್ಲ, ಅಲ್ಲಿಗೆ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಬೇಕು. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ. ಒಳಗೆ 1000 ದಾಟಿತೆಂದರೆ ಹೊಸ ಗಾಳಿ ಸಾಲುತ್ತಿಲ್ಲ ಎಂದೇ ಅರ್ಥ. ಇಂಥದ್ದು ನಮ್ಮ ಮೂಗಿಗೆ ಬೇಗ ಗೊತ್ತಾಗುವುದಿಲ್ಲ, ಯಂತ್ರವೇ ನೋಡಿಕೊಳ್ಳಲಿ.

ಆದರೆ ನನ್ನ ಕಣ್ಣಿಗೆ ಬಿಸಿಲು ಚುಚ್ಚುತ್ತಿದೆಯೋ ಇಲ್ಲವೋ ಎಂಬುದು ನನಗೇ ಗೊತ್ತು. ಇದು ಸುಮ್ನೆ ನನ್ನ ಹಟವಲ್ಲ. ಸಂಶೋಧಕರಾದ ರಿಚರ್ಡ್ ಡಿ ಡಿಯರ್ ಮತ್ತು ಗೇಲ್ ಬ್ರೇಗರ್ ಬೇರೆ ಬೇರೆ ದೇಶಗಳ ಕಟ್ಟಡಗಳ ಮಾಹಿತಿ ಸೇರಿಸಿ 1998ರಲ್ಲಿ ತೋರಿಸಿದ್ದೇ ಇದು: ಕಿಟಕಿ ತಮ್ಮ ಕೈಯಲ್ಲಿದ್ದರೆ ಜನ ಸ್ವಲ್ಪ ಜಾಸ್ತಿ ಸೆಕೆಯನ್ನೂ ಆರಾಮಾಗಿ ಒಪ್ಪಿಕೊಳ್ಳುತ್ತಾರೆ. ಅದೇ ಸೆಕೆ, ಏಸಿ ಹಾಕಿ ಮುಚ್ಚಿಟ್ಟ ಕಟ್ಟಡದಲ್ಲಾದರೆ ದೂರು ಬರುತ್ತದೆ.

ಸೋಮವಾರ ಮೇಂಟೆನೆನ್ಸ್‌ನವರ ಜೊತೆ ಮೀಟಿಂಗ್ ಇದೆ. ನಾಲ್ಕು ಸೀಟಿಗೆ ಒಂದರಂತೆ ಸ್ವಿಚ್ ಕೇಳಿದ್ದೇನೆ. ಒಮ್ಮೆ ಒತ್ತಿದರೆ ಎರಡು ಗಂಟೆ ಆಟೋ ಮತ್ತೆ ಕೈಹಾಕಬಾರದು ಎಂದೂ ಬರೆದಿದ್ದೇನೆ. ಜೊತೆಗೆ ನಾಲ್ಕು ಗಂಟೆಗೆ ತೆಗೆದ ಫೋಟೋ ಕೂಡ ಹಾಕಿದ್ದೇನೆ, ಪಿಜ್ಜಾ ಡಬ್ಬದ ಸಮೇತ.