ಪಾಲೆ ಮರದ ನೂಲು

24 ಜುಲೈ 2025, ಗುರುವಾರ
ತುಳುವರ ಆಟಿ ತಿಂಗಳ ಅಮಾವಾಸ್ಯೆ. ಕಾಸರಗೋಡಿನ ಬದಿಯಡ್ಕದ ಹತ್ತಿರ, ಮನೆಯಲ್ಲಿ.

ಈ ದಿನ ಬೆಳಗ್ಗೆ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುವುದು ನಮ್ಮ ಕಡೆಯ ಪದ್ಧತಿ. ಬೆಳಗ್ಗೆ ಐದೂವರೆಗೆ ಕುಡಿದದ್ದು. ಈಗ ರಾತ್ರಿ ಒಂಬತ್ತೂಮುಕ್ಕಾಲು. ನಾಲಗೆಯ ಬುಡದಲ್ಲಿ ಕಹಿ ಇನ್ನೂ ಕೂತಿದೆ. ಮೇಲಿಂದ ಎರಡು ಬಟ್ಟಲು ಮೆಂತೆ ಗಂಜಿ ಉಂಡರೂ ಹೋಗಲಿಲ್ಲ.

ಇವರು, ನನ್ನ ಯಜಮಾನರು, ನಿನ್ನೆ ಸಂಜೆಯೇ ಗುಡ್ಡೆಗೆ ಹೋಗಿ ಪಾಲೆ ಮರಕ್ಕೆ ಬಿಳಿ ನೂಲು ಕಟ್ಟಿ ಬಂದಿದ್ದರು. ಕೆತ್ತೆ ತರಲು ಸೂರ್ಯ ಹುಟ್ಟುವ ಮೊದಲು ಹೋಗಬೇಕು, ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ಕತ್ತಲಲ್ಲಿ ಮರ ತಪ್ಪಿದರೆ ಮುಗಿಯಿತು. ಪಾಲೆ ಅಂದುಕೊಂಡು ಕಾಸರಕದ ಕೆತ್ತೆ ಅರೆದು ಕುಡಿದು ಆಸ್ಪತ್ರೆ ಸೇರಿದವರ ಸುದ್ದಿಯನ್ನು ಪೇಪರಿನಲ್ಲಿ ನಾವೆಲ್ಲ ಓದಿದ್ದೇವೆ. ಕಾಸರಕ ಅಂದರೆ ವಿಷ. ನಮ್ಮ ಕಾಸರಗೋಡಿಗೆ ಹೆಸರು ಬಂದದ್ದೇ ಆ ಮರದಿಂದ ಅನ್ನುವವರೂ ಇದ್ದಾರೆ. ಹಾಗಾಗಿ ಹಿಂದಿನ ದಿನವೇ ಗುರುತಿನ ನೂಲು.

ಶಾಲೆಗೆ ಇವತ್ತು ಕರ್ಕಾಟಕ ವಾವಿನ (ಇದೇ ಅಮಾವಾಸ್ಯೆಗೆ ಕೇರಳದ ಹೆಸರು) ರಜೆ. ಮೊನ್ನೆ ಮಂಗಳವಾರ, ಮಾಜಿ ಮುಖ್ಯಮಂತ್ರಿ ಅಚ್ಯುತಾನಂದನ್ ತೀರಿಕೊಂಡ ಲೆಕ್ಕದಲ್ಲೂ ರಜೆ ಇತ್ತು. ಮಳೆಯೋ, ನಿಲ್ಲುವ ಲಕ್ಷಣವೇ ಇಲ್ಲ. ಮಧ್ಯಾಹ್ನ ಒಂದು ಗಳಿಗೆ ಬೆಳಕು ಬಂದಾಗ ಕಪಾಟಿನ ಬಾಗಿಲು ತೆಗೆದೆ. ಪುಸ್ತಕಗಳಿಗೆ ಬೂಸ್ಟು ಹಿಡಿದಿತ್ತು. ಎಲ್ಲವನ್ನೂ ಚಾವಡಿಗೆ ತಂದು, ಗೋಣಿ ಹಾಸಿ ಹರಡಿ, ಫ್ಯಾನು ಹಾಕಿದೆ.

ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಕತೆ, ಕವನ, ಪಾಠದ ಪುಸ್ತಕಗಳನ್ನು ಬಿಟ್ಟು, ಬರೇ ‘ನಿಮ್ಮನ್ನು ನೀವು ಬದಲಿಸಿಕೊಳ್ಳಿ’ ಜಾತಿಯವು ಎಷ್ಟು ಅಂತ ಎಣಿಸಿದೆ. ಮೂವತ್ತೊಂದು! ಕವಿತೆ ಅಷ್ಟಿಲ್ಲ ನನ್ನ ಹತ್ತಿರ. ಮೂವತ್ತೊಂದು ಪುಸ್ತಕ ಓದಿದವಳು ಇಷ್ಟು ಹೊತ್ತಿಗೆ ಎಂತದ್ದೋ ಆಗಿರಬೇಕಿತ್ತು, ಅಲ್ವಾ?

ಓದಿದ್ದೇನಾ ಅಂತ ನೋಡಿದೆ. ನನಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುವ ಅಭ್ಯಾಸ. ಮೊದಲ ಅಧ್ಯಾಯದಲ್ಲಿ ಸಾಲು ಸಾಲಿಗೂ ಗೆರೆ, ಪಕ್ಕದಲ್ಲಿ ನಕ್ಷತ್ರ, ‘ಇವತ್ತಿನಿಂದಲೇ!!’ ಅಂತ ಎರಡು ಆಶ್ಚರ್ಯಚಿಹ್ನೆ. ಇಪ್ಪತ್ತನೇ ಪುಟಕ್ಕೆ ಬರುವಾಗ ಗೆರೆ ತೆಳ್ಳಗೆ. ನಲವತ್ತು ದಾಟಿದ ಮೇಲೆ ಮಡಿಕೆ ಮುರಿಯದ ಹೊಸ ಕಾಗದ. ಒಂದೆರಡನ್ನು ಬಿಟ್ಟರೆ ಎಲ್ಲದರ ಹಣೆಬರಹವೂ ಇದೇ.

ಮೊದಲ ಪುಟದಲ್ಲಿ ಕೊಂಡ ತಾರೀಕು ಬರೆದಿಡುತ್ತೇನೆ. 2008: ಪಿಎಸ್‌ಸಿ (ಸರಕಾರಿ ಕೆಲಸದ) ಪರೀಕ್ಷೆಗೆ ಕೂತ ವರ್ಷ, ಮೂರು ಪುಸ್ತಕ. 2014: ಅಪ್ಪ ಹೋದ ವರ್ಷ, ಎರಡು. 2020ರ ಜೂನ್‌ನಿಂದ ಡಿಸೆಂಬರ್: ಏಳು! ಕೊರೊನಾಕ್ಕೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಮಂಗಳೂರು ಬೇರೆ ದೇಶವೇ ಆಗಿಹೋದ ಆ ವರ್ಷ ನನಗೆ ಏಳು ಬೇಕಾಯಿತು. ಸುಖವಾಗಿದ್ದ ವರ್ಷಗಳಲ್ಲಿ ಒಂದೂ ಇಲ್ಲ. ನನ್ನ ಬದುಕು ಎಲ್ಲೆಲ್ಲಿ ಸಿಕ್ಕಿಕೊಂಡಿತ್ತು ಅಂತ ಯಾರಿಗಾದರೂ ಬೇಕಿದ್ದರೆ ಈ ದಿನಚರಿ ಬೇಡ, ಆ ಮೊದಲ ಪುಟಗಳು ಸಾಕು.

ಈ ಬಗೆಯ ಪುಸ್ತಕ ಹೊಸದೇನಲ್ಲ. ಸ್ಯಾಮ್ಯುಯೆಲ್ ಸ್ಮೈಲ್ಸ್ ಅನ್ನುವ ಸ್ಕಾಟ್ಲೆಂಡಿನ ಡಾಕ್ಟರು ‘ಸೆಲ್ಫ್ ಹೆಲ್ಪ್’ ಬರೆದದ್ದು 1859ರಲ್ಲಿ. ಲೀಡ್ಸ್ ಪಟ್ಟಣದಲ್ಲಿ ದುಡಿಯುವ ಹುಡುಗರಿಗೆ ಮಾಡಿದ ಭಾಷಣದಿಂದ ಅದು ಶುರುವಾದದ್ದು. ಡಾರ್ವಿನ್ ಜೀವಿಗಳ ಹುಟ್ಟಿನ ಬಗ್ಗೆ ಬರೆದ ಪುಸ್ತಕವೂ ಅದೇ ವರ್ಷ ಬಂತು, ಪ್ರಕಾಶಕನೂ ಒಬ್ಬನೇ. ಸಮಾಜ ವಿಜ್ಞಾನದ ಟೀಚರಿಗೆ ಇಂಥದ್ದೆಲ್ಲ ಸುಮ್ನೆ ನೆನಪಿರುತ್ತದೆ, ಪ್ರಯೋಜನವಿಲ್ಲ.

ಕನ್ನಡಕ್ಕೆ ಬಂದ ಅನುವಾದಗಳ ಬಗ್ಗೆ ನನಗೊಂದು ಸಿಟ್ಟು ಉಂಟು. ಮನೆಯಲ್ಲಿ ನಮಗೆ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಭಾಷೆ ಬದಲಾದರೆ ನಮಗೆ ತೊಂದರೆಯಿಲ್ಲ. ಆದರೆ ಈ ಪುಸ್ತಕಗಳಲ್ಲಿ ಅಕ್ಷರ ಮಾತ್ರ ಕನ್ನಡ, ಒಳಗಿನ ಮನೆ ಬೇರೆ ಯಾರದ್ದೋ. ‘ಬೆಳಗ್ಗೆ ಐದಕ್ಕೆ ಎದ್ದರೆ ಲೋಕ ಗೆಲ್ಲುತ್ತೀರಿ’ ಅಂತ ಒಂದು ಹೇಳುತ್ತದೆ. ನಮ್ಮ ಅಮ್ಮ ಬುದ್ಧಿ ಬಂದಂದಿನಿಂದ ನಾಲ್ಕೂವರೆಗೆ ಏಳುವವರು. ಹಾಲು ಕರೆದು, ಒಲೆ ಹೊತ್ತಿಸಿ, ಹನ್ನೆರಡು ಜನಕ್ಕೆ ತಿಂಡಿ. ಲೋಕ ಗೆದ್ದದ್ದು ನನಗೆ ಕಾಣಲಿಲ್ಲ. ಬೇಗ ಎದ್ದ ಆ ಹೊತ್ತು ಅವರ ಕೈಯಲ್ಲಿ ಉಳಿದಿದ್ದರೆ ಅಲ್ಲವೇ ಗೆಲ್ಲುವ ಮಾತು?

ಇನ್ನು ‘ದಿನಕ್ಕೆ ಒಂದು ಶೇಕಡ’ ಲೆಕ್ಕ. ದಿನಾ ಒಂದು ಶೇಕಡ ಉತ್ತಮರಾದರೆ ವರ್ಷಕ್ಕೆ ಸುಮಾರು 37 ಪಟ್ಟು ಅಂತೆ. ಒಂಬತ್ತನೇ ಕ್ಲಾಸಿನಲ್ಲಿ ಉತ್ಸಾಹದಿಂದ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ: “ಟೀಚರೇ, ನಾನು ನೂರು ಮೀಟರ್ 15 ಸೆಕೆಂಡಿನಲ್ಲಿ ಓಡುತ್ತೇನೆ. ಬರುವ ವರ್ಷ ಅರ್ಧ ಸೆಕೆಂಡೂ ಬೇಡವಾ?” ಬಡ್ಡಿಯ ಲೆಕ್ಕವನ್ನು ಮನುಷ್ಯನ ಕಾಲಿಗೆ ಕಟ್ಟಿದರೆ ಹೀಗೇ. ಬೋರ್ಡು ಒರೆಸಿದೆ.

21 ದಿನದ ಕತೆ ಅದಕ್ಕಿಂತ ಮಜಾ. ‘21 ದಿನ ಮಾಡಿದರೆ ಅಭ್ಯಾಸ ಆಗಿಹೋಗುತ್ತದೆ’ ಅಂತ ನನ್ನ ಕಪಾಟಿನ ಐದು ಪುಸ್ತಕಗಳಲ್ಲಿ ಉಂಟು. ಇದು ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಸಿಗುತ್ತಾರೆ. ಮುಖದ ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆಯೆಂದರೆ ಸುಮಾರು 21 ದಿನ ಬೇಕು ಅಂತ ಅವರು 1960ರ ಪುಸ್ತಕದಲ್ಲಿ ಬರೆದರು. ಬಾಯಿಂದ ಬಾಯಿಗೆ ದಾಟುವಾಗ ‘ಕಡಿಮೆಯೆಂದರೆ’ ಬಿದ್ದುಹೋಯಿತು. ಮುಖವೂ ಬಿದ್ದುಹೋಯಿತು. ಉಳಿದದ್ದು 21 ಮಾತ್ರ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 84 ದಿನ ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ. ನಡುಮಧ್ಯದವರಿಗೆ 66 ದಿನ. ಬೇಗದವರಿಗೆ 18. ತಡವಾದವರಿಗೆ 254 ಬೇಕಾದೀತು ಅಂತ ಅಂದಾಜು. ಊಟದ ಜೊತೆ ನೀರು ಕುಡಿಯುವಂಥದ್ದು ಬೇಗ, ವ್ಯಾಯಾಮದಂಥದ್ದು ತಡ. ನನಗೆ ಹಿಡಿಸಿದ್ದು ಇದು: ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವೇನೂ ಕಾಣಲಿಲ್ಲವಂತೆ. ಅದನ್ನು ಯಾರಾದರೂ 2008ರಲ್ಲೇ ನನಗೆ ಹೇಳಿದ್ದರೆ! ಒಂದು ದಿನ ತಪ್ಪಿದ ಕೂಡಲೇ ‘ಹೋಯ್ತು, ಇನ್ನು ಸೋಮವಾರದಿಂದ’ ಅಂತ ಬಿಟ್ಟ ಕೆಲಸಗಳಿಗೆ ಲೆಕ್ಕವಿಲ್ಲ.

ಬೂಸ್ಟು ಒರೆಸುತ್ತಾ ಕೂತಿದ್ದಾಗ ಅಮ್ಮ ಹಲಸಿನ ಹಪ್ಪಳ ಕಾಯಿಸಿ ತಂದರು. ಕೈಯಲ್ಲಿದ್ದ ಪುಸ್ತಕದಲ್ಲಿ ಆಗ ಬರುತ್ತಿದ್ದದ್ದು ಮಾರ್ಷ್‌ಮ್ಯಾಲೋ ಪರೀಕ್ಷೆ. ನಿಮಗೆ ಗೊತ್ತಿರಬಹುದು. ಸ್ಟ್ಯಾನ್‌ಫರ್ಡಿನ ನರ್ಸರಿಯಲ್ಲಿ ವಾಲ್ಟರ್ ಮಿಶೆಲ್ ಅನ್ನುವ ಮನಶ್ಶಾಸ್ತ್ರಜ್ಞ ಪುಟ್ಟ ಮಕ್ಕಳ ಮುಂದೆ ಒಂದು ಮಿಠಾಯಿ ಇಟ್ಟು, ನಾನು ಬರುವವರೆಗೆ ತಿನ್ನದೆ ಕಾದರೆ ಎರಡು ಕೊಡುತ್ತೇನೆ ಅಂದರು. ಕಾದವರು ಮುಂದೆ ಓದಿನಲ್ಲಿ ಮುಂದಾದರು, ತಿಂದವರು ಹಿಂದೆ ಬಿದ್ದರು, ಆದ್ದರಿಂದ ಮನಸ್ಸನ್ನು ಹಿಡಿತದಲ್ಲಿಡಿ! ಹೀಗೆ ಎಲ್ಲ ಪುಸ್ತಕದಲ್ಲೂ.

ನಮ್ಮ ಮನೆಯ ಹಪ್ಪಳದ ಡಬ್ಬಿಯ ಕತೆ ಹೇಳುತ್ತೇನೆ. ಮೇ ತಿಂಗಳಲ್ಲಿ ಹಲಸಿನ ಸೊಳೆ ಬೇಯಿಸಿ, ಕುಟ್ಟಿ, ತಟ್ಟಿ, ಅಂಗಳದಲ್ಲಿ ಒಣಗಿಸಿದ ಹಪ್ಪಳ. ಕಾಗೆ ಓಡಿಸುವ ಕೆಲಸ ನಮ್ಮದು. ಆಟಿಯ ಮಳೆಗೆ ಅದು ಒಂದೊಂದಾಗಿ ಹೊರಗೆ ಬರುತ್ತಿತ್ತು. ಹನ್ನೆರಡು ಜನರ ಮನೆ, ಅದರಲ್ಲಿ ಮಕ್ಕಳೇ ಏಳು. ‘ಈಗ ಬೇಡ, ಸಂಜೆ ಎರಡು ಕೊಡುತ್ತೇನೆ’ ಅಂತ ದೊಡ್ಡಮ್ಮ ಹೇಳಿದರೆ ನಾನು ಕಾಯುತ್ತಿದ್ದೆ. ತಮ್ಮ ಕಾಯುತ್ತಿರಲಿಲ್ಲ. ಸಂಜೆಗೆ ಡಬ್ಬಿ ಖಾಲಿ! ನೆಂಟರು ಬಂದಿರುತ್ತಿದ್ದರು, ಇಲ್ಲವೇ ದೊಡ್ಡ ಅಣ್ಣಂದಿರು ಮುಗಿಸಿರುತ್ತಿದ್ದರು. ಎರಡು ಆಟಿ ಹೀಗೆ ಕಾದು ಕಾದು ಮೂರನೇ ವರ್ಷ ನಾನೂ ಕೊಟ್ಟ ಕೂಡಲೇ ತಿಂದೆ. ಸ್ಟ್ಯಾನ್‌ಫರ್ಡಿನವರು ಆ ದಿನ ನಮ್ಮ ಅಡಿಗೆಮನೆಗೆ ಬಂದಿದ್ದರೆ ‘ಈ ಹುಡುಗಿಗೆ ಸಂಯಮ ಸಾಲದು’ ಅಂತ ಬರೆದುಕೊಂಡು ಹೋಗುತ್ತಿದ್ದರು. ಮೊದಲ ಎರಡು ವರ್ಷ ನೋಡಿದವರು ಯಾರು?

ಇದು ನನ್ನೊಬ್ಬಳ ತಕರಾರಲ್ಲ. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಜೊತೆಯವರು 28 ಮಕ್ಕಳನ್ನು ಎರಡು ಗುಂಪು ಮಾಡಿದರು. ಮೊದಲು ಬಣ್ಣ, ಸ್ಟಿಕ್ಕರ್ ಕೊಡುತ್ತೇನೆ ಅಂತ ಹೇಳಿ ಒಂದು ಗುಂಪಿಗೆ ಕೊಟ್ಟರು. ಇನ್ನೊಂದಕ್ಕೆ ‘ಅಯ್ಯೋ, ಮುಗಿದಿದೆ’ ಅಂದರು. ಆಮೇಲೆ ಮಿಠಾಯಿ ಇಟ್ಟರೆ, ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ ಮೂರೇ ನಿಮಿಷ. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಯವರು 900ಕ್ಕಿಂತ ಜಾಸ್ತಿ ಮಕ್ಕಳ ಲೆಕ್ಕ ತೆಗೆದಾಗ, ಮನೆಯ ಸ್ಥಿತಿಗತಿಯನ್ನು ಸೇರಿಸಿ ನೋಡಿದರೆ ಕಾದದ್ದಕ್ಕೂ ಮುಂದಿನ ಓದಿಗೂ ಇದ್ದ ನಂಟು ಬಹಳ ಸಣ್ಣದಾಯಿತು. ಮೊದಲ ಪೀರಿಯಡ್‌ನಲ್ಲೇ ಬುತ್ತಿ ತೆಗೆದು ತಿನ್ನುವ ಒಬ್ಬ ಹುಡುಗನಿಗೆ ನಾನು ಜೂನ್‌ನಲ್ಲಿ ಬೈದಿದ್ದೆ. ಬೆಳಗ್ಗೆ ಅವನ ಮನೆಯಲ್ಲಿ ಎಂತ ಇರುತ್ತದೆ ಅಂತ ಕೇಳಿರಲಿಲ್ಲ. ನಾಳೆ ಕೇಳಬೇಕು.

ಸಂಜೆ ಮಳೆ ಸ್ವಲ್ಪ ಹೊಳವಾದಾಗ ಗುಡ್ಡೆಯ ಬದಿಗೆ ಹೋದೆ. ಅಲ್ಲಿ ನಮ್ಮ ಎರಡು ಸುರಂಗ ಉಂಟು. ಈ ಕಡೆಯವರಲ್ಲದವರಿಗೆ: ಸುರಂಗ ಅಂದರೆ ಇಲ್ಲಿ ರೈಲಿನದ್ದಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಗೆ ಅಡ್ಡಲಾಗಿ, ಒಬ್ಬ ಬಗ್ಗಿ ಹೋಗುವಷ್ಟು ತೋಡಿದ ನೀರಿನ ಬಿಲ. ಪಿಕ್ಕಾಸು, ದೀಪ, ಮಣ್ಣು ಹೊರಲು ಬುಟ್ಟಿ. ನೀರು ಸಿಕ್ಕಿದರೆ ತಾನಾಗಿ ಹರಿದು ಬರುತ್ತದೆ, ಪಂಪು ಬೇಡ. ಕೆಳಗಿನ ಸುರಂಗದಿಂದ ಈಗಲೂ ಮನೆಗೆ ನೀರು. ಮೇಲಿನದನ್ನು ಅಜ್ಜ ಮೂವತ್ತು ಕೋಲು ಉದ್ದ ತೋಡಿಸಿದ್ದರು. ಒಂದು ಹನಿ ಇಲ್ಲ. ಬಾವಲಿ ಇದೆ.

ಪೆರ್ಲದಿಂದ ಗಡಿ ದಾಟಿದರೆ ಅಡ್ಯನಡ್ಕ. ಅಲ್ಲಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡಿದರು. ಐದರಲ್ಲಿ ನೀರಿಲ್ಲ, ಆರನೆಯದರಲ್ಲಿ ಬಂತು. 2022ರಲ್ಲಿ ಪದ್ಮಶ್ರೀ. ಅವರ ಮುಂದೆ ಕೈ ಮುಗಿಯುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರೇರಣೆಯ ಭಾಷಣ ಮಾಡುವವರು ಈ ಕತೆಯನ್ನು ಎತ್ತಿಕೊಂಡು ‘ಬಿಡದೆ ತೋಡಿ, ನೀರು ಬಂದೇ ಬರುತ್ತದೆ’ ಅನ್ನುವಾಗ ನನಗೆ ಮೇಲಿನ ಸುರಂಗ ನೆನಪಾಗುತ್ತದೆ. ಅಲ್ಲಿ ತೋಡಿದವರೂ ಬಿಡದೆಯೇ ತೋಡಿದ್ದರು. ಗುಡ್ಡೆಯ ಒಳಗೆ ನೀರಿರಲಿಲ್ಲ, ಅಷ್ಟೆ. ಅವರ ಹತ್ತಿರ ಯಾರೂ ಮೈಕು ಹಿಡಿಯಲಿಲ್ಲ. ನನ್ನ ಮೂವತ್ತೊಂದು ಪುಸ್ತಕಗಳೂ ನೀರು ಸಿಕ್ಕಿದವರ ಬಾಯಿಯಿಂದ ಬಂದವು. ಬಾವಲಿಯ ಸುರಂಗದವರು ಬರೆದದ್ದು ಒಂದಾದರೂ ಇದ್ದಿದ್ದರೆ ಎಲ್ಲಿ ತೋಡಬಾರದು ಅಂತಾದರೂ ತಿಳಿಯುತ್ತಿತ್ತು.

ಎಲ್ಲವನ್ನೂ ಗುಜರಿಗೆ ಕೊಡುವ ಮನಸ್ಸು ಒಂದು ಕ್ಷಣ ಬಂದದ್ದು ನಿಜ. ಕೊಡಲಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಅವರದ್ದು ಉಳಿಯುತ್ತದೆ. 2002ರಲ್ಲಿ ನೊಬೆಲ್ ಬಂದ ಆ ಮನುಷ್ಯ, ತಮ್ಮ ಪುಸ್ತಕದ ಒಂದು ಅಧ್ಯಾಯದಲ್ಲಿ ಗಟ್ಟಿಯಿಲ್ಲದ ಪ್ರಯೋಗಗಳನ್ನು ಅತಿಯಾಗಿ ನಂಬಿಬಿಟ್ಟೆ ಅಂತ 2017ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಉಳಿದ ಮೂವತ್ತರಲ್ಲಿ ‘ನನಗೆ ತಪ್ಪಿತು’ ಅಂದವರು ನನಗೆ ಕಾಣಲಿಲ್ಲ. ಅಪ್ಪ ಕೊಡಿಸಿದ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ಯೂ ಉಳಿಯುತ್ತದೆ. ಅದರಲ್ಲಿ ಗೆರೆ ನನ್ನದಲ್ಲ, ಅಪ್ಪನದ್ದು. ಕೊನೆಯವರೆಗೂ ಉಂಟು.

ಮತ್ತೆ ಆ ನೂಲು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಒಂದು ಲೇಖನ ಬರೆದಿದ್ದರು. ‘ನಾನು ಜಾಸ್ತಿ ಓದುತ್ತೇನೆ’ ಅಂತ ಸಂಕಲ್ಪ ಮಾಡುವುದಕ್ಕಿಂತ ‘ಇಂಥ ಹೊತ್ತು ಬಂದಾಗ, ಇಂಥ ಜಾಗದಲ್ಲಿ, ಇದನ್ನು ಮಾಡುತ್ತೇನೆ’ ಅಂತ ಮೊದಲೇ ಗೊತ್ತುಮಾಡಿಟ್ಟರೆ ಕೆಲಸ ಆಗುವುದು ಹೆಚ್ಚು ಅಂತ. ಇವತ್ತು ಬೆಳಗ್ಗೆ ಇವರು ತಲೆಗೆ ಗೊರಬು (ಎಲೆಯ ಮಳೆಕೊಪ್ಪೆ) ಹಾಕಿಕೊಂಡು ಆ ಮಳೆಯಲ್ಲಿ ಹೊರಟದ್ದು ನೋಡಿ ಅದೇ ನೆನಪಾಯಿತು. ಇವರು ಮಾಮೂಲಿ ದಿನ ಏಳಕ್ಕೆ ಏಳುವ ಜನವೇ ಅಲ್ಲ. ಒಂದು ಪುಸ್ತಕವನ್ನೂ ಓದಿದವರಲ್ಲ. ಆದರೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಮರ, ಕೈಯಲ್ಲಿ ಎಂತ, ಎಲ್ಲ ನಿನ್ನೆಯೇ ನಿಕ್ಕಿಯಾಗಿತ್ತು. ಮನೆಯಲ್ಲಿ ಓಮ, ಕಾಳುಮೆಣಸು, ಬೆಳ್ಳುಳ್ಳಿ ತಯಾರು. ಕಷಾಯಕ್ಕೆ ಅದ್ದಲು ಒಲೆಯಲ್ಲಿ ಬೆಣಚುಕಲ್ಲು ಕಾಯುತ್ತಿತ್ತು. ಎದ್ದ ಮೇಲೆ ಯೋಚಿಸಲು ಏನೂ ಉಳಿದಿರಲಿಲ್ಲ.

ಈ ದಿನಚರಿಯೂ ಹಾಗೇ ಉಳಿದದ್ದು ಅನಿಸುತ್ತದೆ. ‘ದಿನಾ ಬರೆಯುತ್ತೇನೆ’ ಅಂತ ಹೊರಟ ನಾಲ್ಕು ಸಲವೂ ಫೆಬ್ರವರಿ ಕಾಣಲಿಲ್ಲ. ಅಮ್ಮನ ರಾತ್ರಿಯ ಮಾತ್ರೆ ಕೊಟ್ಟು, ಅದೇ ಮೇಜಿನಲ್ಲಿ ಅಲ್ಲೇ ಕೂತುಕೊಳ್ಳುವುದು ಅಂತ ಮಾಡಿದ ಮೇಲೆ ಎರಡು ವರ್ಷ ಆಯಿತು. ತಪ್ಪಿದ ದಿನಗಳು ಬೇಕಾದಷ್ಟು. ಮಾತ್ರೆ ತಪ್ಪುವುದಿಲ್ಲವಲ್ಲ, ಮಾರನೇ ದಿನ ಮತ್ತೆ ಇಲ್ಲೇ ಬಂದು ಕೂರುತ್ತೇನೆ.

ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ಮೊದಲು ಒಂದನ್ನು ತೆಗೆದು, ಗೆರೆ ಮುಗಿದ ಜಾಗದಿಂದ ಮುಂದೆ ಓದೋಣ ಅಂದುಕೊಂಡೆ. 42ನೇ ಪುಟ 43ಕ್ಕೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಹರಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ, ಅಡಕೆಯ ಗೋಣಿಯ ಪಕ್ಕ ಇಟ್ಟಿದ್ದೇನೆ. ಮೂರು ದಿನ ಹೊಗೆ ತಾಗಿದರೆ ಬಿಟ್ಟೀತು.

ಮಳೆ ಮತ್ತೆ ಸುರುವಾಯಿತು. ಕರೆಂಟು ಎರಡು ಸಲ ಕಣ್ಣು ಮಿಟುಕಿಸಿದೆ. ಇದನ್ನು ಬೇಗ ಬ್ಲಾಗಿಗೆ ಹಾಕಿಬಿಡುತ್ತೇನೆ.